ಗಂಡುಕರು ಹೋದ ಮೇಲೆ

ನಮ್ಮದು ಹಾಸನದ ಕಡೆ ಹಳ್ಳಿ, ಡೈರಿಗೆ ಹಾಲು ಹಾಕುವ ಮನೆ. ಮಾಂಸ ಮೊದಲಿಂದಲೂ ಇಲ್ಲ. ಹಾಗಾಗಿ ನಾವು ಯಾವ ಪ್ರಾಣಿಗೂ ನೋವು ಕೊಡದ ಜನ ಅಂತ ನನಗೊಂದು ಜಂಬ ಇತ್ತು.

ಏಳು ವರ್ಷದ ಹಿಂದೆ ರಜೆಗೆ ಹೋದಾಗ ನಮ್ಮ ಎಚ್‌ಎಫ್ ತಳಿಯ ಸೀಮೆಹಸು ಕರು ಹಾಕಿತ್ತು. ಗಂಡು. ಟ್ರ್ಯಾಕ್ಟರ್ ಬಂದ ಮೇಲೆ ಸೀಮೆಹಸುವಿನ ಗಂಡುಕರು ಯಾರಿಗೆ ಬೇಕು? ಒಂದು ದಿನ ಟೆಂಪೋ ಬಂತು, ಕರು ಹೋಯಿತು. ಹಸು ಎರಡು ರಾತ್ರಿ ಕೂಗಿತು. ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದು, "ಕರು ಎಲ್ಲಿಗೆ ಹೋಯ್ತಪ್ಪಾ?" ಅಂತ ಕೇಳಿದೆ. ಅಪ್ಪ ಏನೂ ಹೇಳದೆ ಸಗಣಿ ಬಾಚಲು ಕೊಟ್ಟಿಗೆಗೆ ಹೋದರು.

ಅಪ್ಪನನ್ನು ದೂರಲಾರೆ. ಹಾಲು ಬೇಕು ಅಂದರೆ ಹಸು ಕರು ಹಾಕಬೇಕು, ಹುಟ್ಟುವ ಕರುಗಳಲ್ಲಿ ಹತ್ತಿರತ್ತಿರ ಅರ್ಧ ಗಂಡು. ನನ್ನ ಲೋಟದ ಲೆಕ್ಕವೂ ಅದರಲ್ಲೇ ಇತ್ತು. ಹಸು ತೇಗಿದಾಗ ಮೀಥೇನ್ ಬರುತ್ತದೆ, ಮನುಷ್ಯರ ಕೆಲಸಗಳಿಂದ ಭೂಮಿ ಬಿಸಿ ಮಾಡುವ ಅನಿಲಗಳಲ್ಲಿ 14.5% ಜಾನುವಾರು ಸಾಕಣೆಯಿಂದಲೇ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೇಳಿತ್ತು ಅನ್ನೋದೆಲ್ಲ ನಾನು ಓದಿಕೊಂಡದ್ದು ಆಮೇಲೆ.

ಆ ಕರು ಹೋದ ಮೇಲೆ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟೆ. ಕಷ್ಟವಾಯ್ತಾ? ಊಟದಲ್ಲಿ ಅಷ್ಟೇನಿಲ್ಲ. ಮುದ್ದೆ, ಬಸ್ಸಾರು, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಶಾವಿಗೆಗೆ ಕಾಯಿಹಾಲು, ಯಾವುದಕ್ಕೂ ಹಸು ಬೇಕಿಲ್ಲ. ಹೋಟೆಲಿನಲ್ಲಿ ಮಾತ್ರ "ತುಪ್ಪ ಬೇಡ" ಅಂತ ಎರಡು ಸಲ ಹೇಳಬೇಕು. ಕಾಫಿಯನ್ನು ಕಪ್ಪಗೇ ಕುಡಿಯುತ್ತೇನೆ, ಬೆಲ್ಲ ಹಾಕಿ. ಕಾಯಿಹಾಲು ಹಾಕಿ ನೋಡಿದ್ದೆ, ಒಡೆದುಹೋಯಿತು.

ಸೋತದ್ದು ಮೊಸರನ್ನದ ಮುಂದೆ. ಮೂರು ತಿಂಗಳು ಊಟ ಮುಗಿದ ಹಾಗೇ ಅನ್ನಿಸುತ್ತಿರಲಿಲ್ಲ. ಆಮೇಲೆ ಕಡಲೆಬೀಜದ ಮೊಸರು ಕಲಿತೆ. ಒಂದು ಲೋಟ ಬೀಜ ರಾತ್ರಿ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು, ಮೂರು ಲೋಟ ನೀರಿನಲ್ಲಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಬೇಕು. ಕೈಯಾಡಿಸುತ್ತಾ ಚೆನ್ನಾಗಿ ಕುದಿಸಬೇಕು, ಇಲ್ಲದಿದ್ದರೆ ಹಸಿ ವಾಸನೆ. ಬೆರಳಿಗೆ ಹಿತವಾಗುವಷ್ಟು ಆರಿದ ಮೇಲೆ ಎಂಟು ಹತ್ತು ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಿ. ಮೊದಲ ಸಲ ನೀರು ನೀರಾಗಿರುತ್ತದೆ, ಚೆಲ್ಲಬೇಡಿ. ಅದನ್ನೇ ಹೆಪ್ಪು ಹಾಕಿದರೆ ಮುಂದಿನ ಸಲ ಗಟ್ಟಿಯಾಗುತ್ತದೆ. ರುಚಿ ಹಸುವಿನ ಮೊಸರಿನ ಹಾಗೇ ಇರುತ್ತೆ ಅಂತ ಸುಳ್ಳು ಹೇಳಲ್ಲ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿದ್ದರೆ ಜಗಳವಿಲ್ಲ.

ಒಂದು ತಪ್ಪು ಮಾಡಿದೆ. "ಹಾಲಿಲ್ದೆ ಮೂಳೆ ಸವೀತದೆ ಕಣೇ" ಅಂತ ಅಮ್ಮ ಹೆದರಿಸಿದಾಗ ರಾಗಿ ತೋರಿಸಿ ಗೆದ್ದಿದ್ದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಆದರೆ ವಿಟಮಿನ್ ಬಿ12 ಮರೆತಿದ್ದೆ. ಅದು ಸೊಪ್ಪು, ಕಾಳುಗಳಲ್ಲಿ ಸಿಗುವುದಿಲ್ಲ. ಎರಡನೇ ವರ್ಷ ಪಾದ ಜುಮುಗುಡಲು ಶುರುವಾಗಿ, ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು. ಈಗ ಮಾತ್ರೆ ತಪ್ಪಿಸಲ್ಲ. ನೀವು ಶುರು ಮಾಡುವುದಾದರೆ ಮೊದಲ ದಿನವೇ ಡಾಕ್ಟರನ್ನು ಕೇಳಿ.

ರೇಷ್ಮೆಯನ್ನೂ ಬಿಟ್ಟೆ. ರಾಮನಗರದಲ್ಲಿ ಒಂದು ಸಲ ನೂಲು ತೆಗೆಯುವುದನ್ನು ನೋಡಿದ್ದೆ, ಗೂಡುಗಳನ್ನು ಹುಳು ಸಮೇತ ಬಿಸಿನೀರಿಗೆ ಹಾಕುತ್ತಾರೆ. ತಂಗಿಯ ಮದುವೆಗೆ ಹತ್ತಿ ಸೀರೆ ಉಟ್ಟು ಹೋಗಿ ಅತ್ತೆಯರ ಬಾಯಿಗೆ ಸಿಕ್ಕಿದ್ದು ಬೇರೆ ಕಥೆ. ಅಜ್ಜಿಯ ರೇಷ್ಮೆ ಸೀರೆ ಮಾತ್ರ ಬೀರುವಿನಲ್ಲಿದೆ. ಉಡುವುದಿಲ್ಲ, ಯಾರಿಗೂ ಕೊಡಲೂ ಮನಸ್ಸಿಲ್ಲ.

ಹೋದ ತಿಂಗಳು ಅಮ್ಮ ಫೋನ್ ಮಾಡಿದಳು. "ಅದೆಷ್ಟು ತೊಟ್ಟು ಹಾಕೋದು ಅಂದಿದ್ದೆ?" ನನಗೆ ಖುಷಿಯೋ ಖುಷಿ. ಯಾಕಮ್ಮಾ ಅಂದೆ.

"ಹಸು ಹಾಲು ನಿಲ್ಸೈತೆ. ಅಂಗಡಿ ಮೊಸರು ನಿಮ್ಮಪ್ಪಂಗೆ ಸೇರಲ್ಲ."