ಅಮೆರಿಕದ ಸ್ವಾತಂತ್ರ್ಯ ಕಾಲದ ಸಹಿ, ಕಾಗದಪತ್ರ: ಸಂಗ್ರಹ ಶುರು ಮಾಡುವುದು ಹೇಗೆ?

1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು 56 ಜನ. ಅಷ್ಟೂ ಸಹಿ ಕೂಡಿಸಬೇಕೆಂಬುದು ಅಲ್ಲಿನ ಸಂಗ್ರಾಹಕರ ಹಳೆಯ ಆಸೆ. ಹೊಸಬರಿಗೆ ಅದು ಬೇಡ. ಆ 56 ಜನರಲ್ಲಿ ಒಬ್ಬರಾದ ಜಾರ್ಜಿಯಾದ ಬಟನ್ ಗ್ವಿನೆಟ್ 1777ರಲ್ಲೇ ದ್ವಂದ್ವಯುದ್ಧದಲ್ಲಿ ಗಾಯಗೊಂಡು ತೀರಿಕೊಂಡರು. ಅವರ ಸಹಿ ಸಿಕ್ಕಿರುವುದು ಸುಮಾರು 50 ಮಾತ್ರ.

ಮೊದಲು ಒಂದು ವಿಷಯ ಹಿಡಿಯಿರಿ. ಒಂದು ಊರು, ಒಂದು ದಂಡು, ಒಂದು ಹಡಗು ಯಾವುದಾದರೂ ಆಗಬಹುದು. ಉದಾಹರಣೆಗೆ, 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು 'ಹೈದರ್ ಅಲಿ'. ಹೌದು, ನಮ್ಮ ಮೈಸೂರಿನ ಹೈದರನ ಹೆಸರೇ!

ಕಡಿಮೆ ಖರ್ಚಿನಲ್ಲಿ ಶುರು ಮಾಡಲು ಆ ಕಾಲದ ನೋಟುಗಳು ಒಳ್ಳೆಯವು. ಆಗ ನೋಟಿಗೆ ಕೈಯಲ್ಲೇ ಸಹಿ ಹಾಕುತ್ತಿದ್ದರು. ನ್ಯೂಜೆರ್ಸಿಯ 1776ರ ಕೆಲವು ನೋಟುಗಳಲ್ಲಿ, ಘೋಷಣೆಗೆ ಸಹಿ ಹಾಕಿದ ಜಾನ್ ಹಾರ್ಟ್ ಅವರ ಸಹಿಯಿದೆ. ಪತ್ರದಿಂದ ಕತ್ತರಿಸಿದ ಸಹಿಯ ತುಂಡುಗಳೂ ಸಿಗುತ್ತವೆ. ಹಿಂದಿನವರು ಹಾಗೆ ಕತ್ತರಿಸಿ ಎಷ್ಟೋ ಪತ್ರ ಹಾಳು ಮಾಡಿದರು. ಸಹಿಗಿಂತ ಪತ್ರದಲ್ಲಿ ಏನು ಬರೆದಿದೆ ಅನ್ನುವುದೇ ದೊಡ್ಡದು ಅಲ್ವಾ? ನೀವಂತೂ ಕತ್ತರಿ ಮುಟ್ಟಬೇಡಿ.

ಇನ್ನು ನಕಲಿಯ ಕಾಟ. 19ನೇ ಶತಮಾನದಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಸ್ಪ್ರಿಂಗ್ ಹಳೆಯ ಪುಸ್ತಕಗಳ ಖಾಲಿ ಹಾಳೆ ಕಿತ್ತು, ಸ್ವಾತಂತ್ರ್ಯ ಯುದ್ಧದ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಸಹಿಯ ಚೆಕ್ಕು, ರಹದಾರಿ ಬರೆದು ಮಾರಿದ. ಹಾಗಾಗಿ ಕಾಗದ ಹಳೆಯದು ಅಂದಮಾತ್ರಕ್ಕೆ ನಂಬಬೇಡಿ. ಭೂತಗನ್ನಡಿ ಹಿಡಿದು ಶಾಯಿ ನೋಡಿ. ಆಗಿನ ಶಾಯಿಯಲ್ಲಿ ಕಬ್ಬಿಣದ ಅಂಶವಿತ್ತು. ಬರೆದ ಮೇಲೆ ಕಪ್ಪಗಾದದ್ದು ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಳೆಯ ಹಾಳೆಯ ಮೇಲೆ ಈಚೆಗೆ ಬರೆದರೆ ಶಾಯಿ ಅಂಚಿನಲ್ಲಿ ಹರಡಿಕೊಳ್ಳುತ್ತದೆ, ಮಡಿಕೆಯ ಗೆರೆಯೊಳಗೆ ಇಳಿಯುತ್ತದೆ. ಹಾಗೆ ಕಂಡರೆ ಅನುಮಾನಪಡಿ. ಆದರೆ ಪತ್ರದ ಬರಹ ಒಬ್ಬರದು, ಸಹಿ ಇನ್ನೊಬ್ಬರದು ಅಂತ ಗಾಬರಿ ಬೇಡ. ಯುದ್ಧಕಾಲದಲ್ಲಿ ವಾಷಿಂಗ್ಟನ್ ಅವರ ಎಷ್ಟೋ ಪತ್ರಗಳನ್ನು ಬರೆದವರು ಅವರ ಸಹಾಯಕರು.

ವಾಷಿಂಗ್ಟನ್ ಮುಂತಾದ ಆ ಕಾಲದ ನಾಯಕರ ಪತ್ರಗಳಿರುವ, ಅಮೆರಿಕದ ರಾಷ್ಟ್ರೀಯ ಪತ್ರಾಗಾರದ 'ಫೌಂಡರ್ಸ್ ಆನ್‌ಲೈನ್' ತಾಣವನ್ನು ಪುಕ್ಕಟೆಯಾಗಿ ನೋಡಬಹುದು. ನಿಮಗೆ ತೋರಿಸಿದ ಪತ್ರದ ಒಂದು ಸಾಲನ್ನು ಅಲ್ಲಿ ಹುಡುಕಿ. ಅದರ ಮೂಲ ಯಾವುದೋ ಗ್ರಂಥಾಲಯದಲ್ಲಿದೆ ಅಂತ ಕಂಡರೆ, ನಿಮ್ಮೆದುರಿನದು ಪ್ರತಿಯೋ ಕದ್ದ ಮಾಲೋ ಅಂತ ವಿಚಾರಿಸಿ. ಇದು ಸುಮ್ನೆ ಹೇಳುವ ಮಾತಲ್ಲ. 1865ರಲ್ಲಿ ಒಬ್ಬ ಸೈನಿಕ ಹೊತ್ತೊಯ್ದ, ನಾರ್ತ್ ಕ್ಯಾರೊಲಿನಾ ರಾಜ್ಯಕ್ಕೆ ಸೇರಿದ ಹಕ್ಕುಗಳ ಮಸೂದೆಯ (ಪ್ರಜೆಗಳ ಹಕ್ಕುಗಳ ಬಗ್ಗೆ ಅಮೆರಿಕದ ಸಂವಿಧಾನಕ್ಕೆ ತಂದ ತಿದ್ದುಪಡಿ) ಪ್ರತಿಯನ್ನು ಎಫ್‌ಬಿಐ 2003ರಲ್ಲಿ ವಶಪಡಿಸಿಕೊಂಡಿತು. ಯಾರಿಂದ ಯಾರ ಕೈಗೆ ಬಂತು ಅನ್ನುವುದನ್ನು ಮಾರುವವರಿಂದ ಬರಹದಲ್ಲೇ ಕೇಳಿ.

ಮನೆಗೆ ತಂದ ಮೇಲೆ ಲ್ಯಾಮಿನೇಷನ್, ಟೇಪು ಎರಡೂ ಬೇಡ. ಆಮ್ಲವಿಲ್ಲದ ಫೋಲ್ಡರಿನಲ್ಲಿಟ್ಟು ಬಿಸಿಲು, ತೇವದಿಂದ ದೂರವಿಡಿ. ಗೋಡೆಗೆ ಕಲರ್ ಜೆರಾಕ್ಸ್ ಸಾಕು. ರಸೀದಿ, ಹರಾಜಿನ ಪಟ್ಟಿ ಎಲ್ಲವನ್ನೂ ಜೋಪಾನ ಮಾಡಿ. ಮುಂದೆ ಕೊಳ್ಳುವವರು ಮೊದಲು ಕೇಳುವುದೇ ಅದನ್ನು.