ಸೈನಿಕನ ಸಂಬಳ ಯಾರ ಕೈಯಿಂದ? ಹೊರದೇಶಗಳ ನೆರವಿನ ಕಾರ್ಯತಂತ್ರ ಓದುವ ಬಗೆ

ಸರ್ಕಾರವೇ ಅಲುಗಾಡುತ್ತಿರುವ ಒಂದು ದೇಶಕ್ಕೆ ಭದ್ರತೆ ಮತ್ತು ನೆರವು ಕೊಡಲು ಅಮೆರಿಕವೋ ಬ್ರಿಟನ್ನೋ ಐರೋಪ್ಯ ಒಕ್ಕೂಟವೋ ಕಾರ್ಯತಂತ್ರ ಪ್ರಕಟಿಸುತ್ತದೆ. ಬೆಂಗಳೂರು ವಿಜಯನಗರದ ಕೋಚಿಂಗ್ ತರಗತಿಗಳಲ್ಲಿ ಯುಪಿಎಸ್‌ಸಿಗೆ ಓದುವವರು, ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿಗಳು, ಪತ್ರಿಕೆಗೆ ಬರೆಯುವವರು ಅದನ್ನು ಮುನ್ನುಡಿಯಿಂದ ಹಿಡಿದು ಆರನೇ ಪುಟಕ್ಕೇ ಸುಸ್ತಾಗುತ್ತಾರೆ. ಮುನ್ನುಡಿ ಬಿಟ್ಟುಬಿಡಿ. ‘ಸ್ಥಿರತೆ’, ‘ಸಹಭಾಗಿತ್ವ’, ‘ಸಮಗ್ರ’ ಎಂಬ ಮಾತುಗಳು ಎಲ್ಲ ದೇಶದ ಕಡತದಲ್ಲೂ ಇರುತ್ತವೆ, ಅವುಗಳಿಂದ ತಿಳಿಯುವುದು ಏನೂ ಇಲ್ಲ. ಮೊದಲು ಹುಡುಕಬೇಕಾದ್ದು ಇಷ್ಟೇ: ಅಲ್ಲಿನ ಸೈನಿಕ, ಪೊಲೀಸ್ ಪೇದೆ, ಶಾಲೆ ಮೇಷ್ಟ್ರ ತಿಂಗಳ ಸಂಬಳ ಯಾರ ದುಡ್ಡು, ಯಾವ ದಾರಿಯಲ್ಲಿ ಬರುತ್ತದೆ, ಅದು ನಿಂತ ತಿಂಗಳು ಏನಾಗುತ್ತದೆ.

ಬೇಕಾದ ಸಾಮಾನು ಒಂದು ಎಕ್ಸೆಲ್ ಹಾಳೆ, ಎರಡು ಸಂಜೆ. ಹಾಳೆಯಲ್ಲಿ ನಾಲ್ಕು ಕಾಲಂ ಮಾಡಿ: ಬಾಬ್ತು, ಮೊತ್ತ, ಯಾರ ಮೂಲಕ, ಎಲ್ಲಿಯವರೆಗೆ. ಬಿಲಿಯನ್ ಎಂದರೆ 100 ಕೋಟಿ, ಮಿಲಿಯನ್ ಎಂದರೆ 10 ಲಕ್ಷ ಎಂದು ಮೇಲೆಯೇ ಬರೆದಿಟ್ಟುಕೊಳ್ಳಿ. ಕನ್ನಡಕ್ಕೆ ತರುವಾಗ ತಪ್ಪುವುದು ಹೆಚ್ಚಾಗಿ ಇಲ್ಲೇ.

ಸಂಬಳದ ಗುಣಾಕಾರ

ಪಡೆಯ ಸಂಖ್ಯೆಯನ್ನು ತಿಂಗಳ ಸಂಬಳದಿಂದ, ಬಂದದ್ದನ್ನು 12ರಿಂದ ಗುಣಿಸಿ. ಉದಾಹರಣೆಗೆಂದು ಒಂದು ಕಲ್ಪಿತ ದೇಶ ತೆಗೆದುಕೊಳ್ಳಿ: 20,000 ಸೈನಿಕರು, ತಲಾ 200 ಡಾಲರ್. ವರ್ಷಕ್ಕೆ 4.8 ಕೋಟಿ ಡಾಲರ್. ಆ ದೇಶದ ಸ್ವಂತ ತೆರಿಗೆ ಆದಾಯ 25 ಕೋಟಿ ಡಾಲರ್ ಆಗಿದ್ದರೆ ಸಂಬಳಕ್ಕೇ ಶೇ. 19 ಹೋಯಿತು. ಊಟ, ಇಂಧನ, ಮದ್ದುಗುಂಡು, ಗಾಯಾಳುಗಳ ಚಿಕಿತ್ಸೆಗೆ ಇನ್ನೂ ಅಷ್ಟೇ ಬೇಕೆಂದು ಇಟ್ಟುಕೊಂಡರೆ ಶೇ. 38. ಆಗ ಶಾಲೆ, ಆಸ್ಪತ್ರೆಗೆ ಉಳಿಯುವುದೆಷ್ಟು ಎಂದು ಕಡತ ಹೇಳುತ್ತದೆಯೇ ನೋಡಿ. ಹೇಳದಿದ್ದರೆ ಅಂಚಿನಲ್ಲಿ ಕೆಂಪು ಗೆರೆ ಎಳೆಯಿರಿ.

ನಿಜವಾದ ಉದಾಹರಣೆ ಅಫ್ಘಾನಿಸ್ತಾನದ್ದು. 2012ರ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ನಡೆದ ನೇಟೊ ಶೃಂಗಸಭೆ 2,28,500 ಮಂದಿಯ ಅಫ್ಘನ್ ಪಡೆಗೆ ವರ್ಷಕ್ಕೆ 410 ಕೋಟಿ ಡಾಲರ್ ಎಂದು ಅಂದಾಜು ಹಾಕಿತು. 2015ರಲ್ಲಿ ಕಾಬೂಲ್ ಕೊಡಬೇಕಾದ್ದು ಕನಿಷ್ಠ 50 ಕೋಟಿ ಡಾಲರ್, 2024ರೊಳಗೆ ಪೂರ್ತಿ ಖರ್ಚು ಅದರದೇ. ಇದನ್ನು ಹಾಳೆಗೆ ಇಳಿಸಿ. ಒಂಬತ್ತು ವರ್ಷದಲ್ಲಿ 50ರಿಂದ 410ಕ್ಕೆ ಏರಬೇಕಾದರೆ ಕಾಬೂಲಿನ ಪಾಲು ಪ್ರತಿ ವರ್ಷ ಸುಮಾರು ಶೇ. 26ರಂತೆ ಬೆಳೆಯಬೇಕು. ಸಾರ್ವಜನಿಕ ವೆಚ್ಚದ ಮುಕ್ಕಾಲು ಪಾಲು ಹೊರಗಿನ ಅನುದಾನದಿಂದಲೇ ನಡೆಯುತ್ತಿದ್ದ ದೇಶಕ್ಕೆ ಇದು ಆಗುವ ಮಾತೇ? ಈ ಲೆಕ್ಕಕ್ಕೆ ಗುಪ್ತಚರ ವರದಿ ಬೇಡ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕಿತ್ತು. 2024 ಬರುವ ಮೊದಲೇ, 2021ರ ಆಗಸ್ಟ್ 15ರಂದು, ಕಾಬೂಲ್ ತಾಲಿಬಾನ್ ಕೈಸೇರಿತು.

ಹಾಜರಿ ಪುಸ್ತಕ

ಮಸ್ಟರ್ ರೋಲ್‌ನಲ್ಲಿ ಇಲ್ಲದ ಕೂಲಿಗಳ ಹೆಸರು ತುಂಬಿ ಬಟವಾಡೆ ಎತ್ತುವುದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಸೇನೆಯಲ್ಲಿ ಅದೇ ನಡೆದರೆ ಯುದ್ಧದ ದಿನ ಕಂದಕದಲ್ಲಿ ಆಳಿರುವುದಿಲ್ಲ. 2014ರ ಜೂನ್‌ನಲ್ಲಿ ಇರಾಕಿನ ಮೊಸೂಲ್ ಬಿತ್ತು. ಅದೇ ವರ್ಷದ ಕೊನೆಗೆ ಪ್ರಧಾನಿ ಹೈದರ್ ಅಲ್-ಅಬಾದಿ ನಾಲ್ಕು ಡಿವಿಷನ್‌ಗಳಲ್ಲೇ 50,000 ಕಾಗದದ ಸೈನಿಕರು ಸಿಕ್ಕಿದ್ದಾರೆಂದು ಸಂಸತ್ತಿಗೆ ತಿಳಿಸಿದರು.

ಹಾಗಾಗಿ ಕಡತದಲ್ಲಿ ಮೂರು ಸಂಗತಿ ಹುಡುಕಿ. ಸಂಬಳ ಕಮಾಂಡರ್ ಕೈಗೆ ನಗದಾಗಿ ಹೋಗುತ್ತದೆಯೇ, ಸೈನಿಕನ ಖಾತೆಗೋ ಮೊಬೈಲಿಗೋ ನೇರ ಹೋಗುತ್ತದೆಯೇ? ತಲೆ ಎಣಿಸುವವರು ಯಾರು, ಎಷ್ಟು ತಿಂಗಳಿಗೊಮ್ಮೆ? ಸತ್ತವರ, ಬಿಟ್ಟುಹೋದವರ ಹೆಸರು ತೆಗೆಯುವ ಅಧಿಕಾರ ಯಾರದು? 2009ರಲ್ಲಿ ಅಫ್ಘಾನಿಸ್ತಾನದ ವರ್ದಕ್ ಪ್ರಾಂತ್ಯದಲ್ಲಿ ಕೆಲವೇ ಪೊಲೀಸರಿಗೆ ಪ್ರಯೋಗವಾಗಿ ಮೊಬೈಲ್ ಮೂಲಕ ಸಂಬಳ ಕೊಟ್ಟರು. ಸಂಬಳ ಏರಿದೆ ಎಂದೇ ಅವರು ತಿಳಿದರಂತೆ. ಏರಿರಲಿಲ್ಲ, ಅಷ್ಟು ದಿನ ಮೇಲಿನವರು ಹಿಡಿದುಕೊಳ್ಳುತ್ತಿದ್ದ ಪಾಲು ಕೈಗೆ ಬಂದಿತ್ತು. ‘ಸುಧಾರಣೆ’ ಎಂಬ ಪದದ ಪಕ್ಕದಲ್ಲಿ ಇಂಥ ಒಂದಾದರೂ ವಿವರ ಇಲ್ಲದಿದ್ದರೆ ಅದು ಬರೀ ಪದ.

ದುಡ್ಡು ಯಾವ ಗಡಿಗೆಯದು

ಶ್ರೀಮಂತ ದೇಶಗಳ ನೆರವಿನ ಲೆಕ್ಕಕ್ಕೆ ಅವುಗಳದೇ ಕೂಟವಾದ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿ ನಿಯಮ ಮಾಡುತ್ತದೆ. ಸೇನೆಗೆ ಕೊಟ್ಟ ಆಯುಧ, ತರಬೇತಿ ‘ಅಧಿಕೃತ ಅಭಿವೃದ್ಧಿ ನೆರವು’ ಎನಿಸಿಕೊಳ್ಳುವುದಿಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಕೊಟ್ಟ ವಂತಿಗೆಯಲ್ಲಿ ಶೇ. 15ನ್ನು ಮಾತ್ರ ಸೇರಿಸಬಹುದು. ಇನ್ನೊಂದು ಕಡೆ, ತಮ್ಮದೇ ನೆಲಕ್ಕೆ ಬಂದ ನಿರಾಶ್ರಿತರ ಮೊದಲ 12 ತಿಂಗಳ ಖರ್ಚನ್ನು ನೆರವೆಂದು ತೋರಿಸಿಕೊಳ್ಳಲು ಅವಕಾಶವಿದೆ. ಆದ್ದರಿಂದ ‘ಒಟ್ಟು ನೆರವು’ ಎಂಬ ಒಂದೇ ಅಂಕಿಯಲ್ಲಿ ಬಂದೂಕು ಕಾಣುವುದಿಲ್ಲ, ನಿರಾಶ್ರಿತರನ್ನು ಇಳಿಸಿದ ಲಂಡನ್ನಿನ ಹೋಟೆಲ್ ಬಿಲ್ಲು ಕಾಣಬಹುದು. ರಕ್ಷಣಾ ಇಲಾಖೆಯ ಬಜೆಟ್ಟನ್ನು ಬೇರೆ ತೆರೆದು ನೋಡದೆ ವಿಧಿಯಿಲ್ಲ.

ಒಇಸಿಡಿ ದತ್ತಾಂಶದಲ್ಲಿ ಪ್ರತಿ ಯೋಜನೆಗೂ ಐದಂಕಿಯ ಸಂಕೇತವಿರುತ್ತದೆ. 15210 ಭದ್ರತಾ ವ್ಯವಸ್ಥೆಯ ನಿರ್ವಹಣೆ ಮತ್ತು ಸುಧಾರಣೆ, 15220 ನಾಗರಿಕ ಶಾಂತಿ ಕಾರ್ಯ, 15130 ಕಾನೂನು ಮತ್ತು ನ್ಯಾಯ, 15250 ನೆಲಬಾಂಬು ತೆಗೆಯುವುದು, 72040 ತುರ್ತು ಆಹಾರ. ಈ ಐದನ್ನು ಸೋಸಿದರೆ ಕಾರ್ಯತಂತ್ರ ಯಾವುದರ ಬಗ್ಗೆ ಮಾತಾಡುತ್ತಿದೆ, ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂಬ ಅಂತರ ಎದ್ದು ಕಾಣುತ್ತದೆ.

ಮಂಜೂರಾತಿ ಬೇರೆ, ಬಟವಾಡೆ ಬೇರೆ. ಬೆಂಗಳೂರಿನ ವಾರ್ಡ್ ಗುತ್ತಿಗೆದಾರರನ್ನು ಕೇಳಿದರೆ ಕಾರ್ಯಾದೇಶಕ್ಕೂ ಬಿಲ್ ಪಾವತಿಗೂ ಇರುವ ದೂರ ಎಷ್ಟೆಂದು ಹೇಳಿಯಾರು. ನೆರವು ಕೊಡುವವರು ತಮ್ಮ ಲೆಕ್ಕ ಬಹಿರಂಗವಾಗಿ ಹಾಕುವ ಐಎಟಿಐ ದತ್ತಾಂಶದಲ್ಲಿ ವಹಿವಾಟಿನ ಬಗೆ 2 ಎಂದರೆ ಕೊಡುತ್ತೇನೆಂಬ ಬದ್ಧತೆ, 3 ಎಂದರೆ ಬಟವಾಡೆ, 4 ಎಂದರೆ ನೇರ ಖರ್ಚು. 2ನ್ನು ಕೂಡಿಸಿ ‘ಇಷ್ಟು ಕೊಟ್ಟರು’ ಎಂದು ಬರೆಯಬೇಡಿ. ಇನ್ನೊಂದು ಗುಂಡಿಯಿದೆ: ಬ್ರಿಟನ್ ವಿಶ್ವಸಂಸ್ಥೆಯ ಅಭಿವೃದ್ಧಿ ಸಂಸ್ಥೆ ಯುಎನ್‌ಡಿಪಿಗೆ ಕೊಟ್ಟದ್ದನ್ನು ಬ್ರಿಟನ್ ಒಮ್ಮೆ, ಯುಎನ್‌ಡಿಪಿ ಇನ್ನೊಮ್ಮೆ ದಾಖಲಿಸುತ್ತದೆ. ಎರಡನ್ನೂ ಕೂಡಿಸಿದರೆ ದುಡ್ಡು ತಾನಾಗಿಯೇ ದುಪ್ಪಟ್ಟಾಗುತ್ತದೆ!

ತರಬೇತಿಯೂ ಬಿಡಿಭಾಗವೂ

ಎಷ್ಟು ದೇಶಗಳು ಒಂದೇ ಸೇನೆಗೆ ತರಬೇತಿ ಕೊಡುತ್ತಿವೆ ಎಂದು ಎಣಿಸಿ. ಸೊಮಾಲಿಯದಲ್ಲಿ ಅಮೆರಿಕ ‘ದನಬ್’ ದಳವನ್ನು ಬೆಳೆಸಿತು, ಟರ್ಕಿ 2017ರಲ್ಲಿ ಮೊಗದಿಶುವಿನಲ್ಲಿ ತನ್ನ ನೆಲೆ ತೆರೆದು ‘ಗೊರ್ಗೊರ್’ ದಳ ಕಟ್ಟಿತು, ಐರೋಪ್ಯ ಒಕ್ಕೂಟದ ತಂಡ ಬೇರೆ, ಯುಎಇ ಬೇರೆ. ಕವಾಯತು, ಆಯುಧ, ನಿಷ್ಠೆ ಎಲ್ಲವೂ ಬೇರೆ ಬೇರೆ. ಯುಎಇ ತಾನು ತಯಾರು ಮಾಡಿದ ಸೈನಿಕರ ಸಂಬಳವನ್ನೂ ಕೊಡುತ್ತಿತ್ತು. 2018ರ ಏಪ್ರಿಲ್‌ನಲ್ಲಿ ಸೊಮಾಲಿಯ ಸರ್ಕಾರದ ಜೊತೆ ಜಗಳವಾಗಿ ಅದು ಹೊರಟಾಗ ಶಿಬಿರದಲ್ಲಿ ಗುಂಡು ಹಾರಿತು, ಆಯುಧ ಲೂಟಿಯಾಯಿತು.

ಯಂತ್ರಗಳ ವಿಷಯವೂ ಹಾಗೆಯೇ, ಎಚ್‌ಎಎಲ್ ಇರುವ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಫ್ಘನ್ ಮೆಕ್ಯಾನಿಕ್‌ಗಳು ರಷ್ಯಾದ ಎಂಐ-17 ಹೆಲಿಕಾಪ್ಟರುಗಳ ರಿಪೇರಿಯನ್ನು ಬಹುಪಾಲು ತಾವೇ ಮಾಡಿಕೊಳ್ಳುತ್ತಿದ್ದರು. 2017ರಿಂದ ಅವುಗಳ ಜಾಗಕ್ಕೆ ಅಮೆರಿಕದ ಬ್ಲ್ಯಾಕ್ ಹಾಕ್ ತಂದರು, ರಿಪೇರಿ ವಿದೇಶಿ ಗುತ್ತಿಗೆದಾರರ ಪಾಲಾಯಿತು. 2021ರಲ್ಲಿ ಆ ಗುತ್ತಿಗೆದಾರರೂ ಹೊರಟರು. ಕಡತದಲ್ಲಿ ಯಾವುದೇ ವಾಹನ, ವಿಮಾನದ ಹೆಸರು ಕಂಡರೆ ‘ಬಿಡಿಭಾಗ ಯಾರು ಕೊಡುತ್ತಾರೆ, ಸ್ಪ್ಯಾನರ್ ಯಾರು ಹಿಡಿಯುತ್ತಾರೆ’ ಎಂದು ಪಕ್ಕದಲ್ಲಿ ಬರೆಯಿರಿ.

ಎಲ್ಲಿಯವರೆಗೆ

ನಾಲ್ಕನೇ ಕಾಲಂ ತುಂಬುವಾಗ ಕಡತ ಹೇಳುವ ಅವಧಿಯನ್ನು ನಂಬಬೇಡಿ, ಬಜೆಟ್ಟಿನ ಅವಧಿಯನ್ನು ಬರೆಯಿರಿ. ಅಮೆರಿಕದ 2019ರ ಜಾಗತಿಕ ದುರ್ಬಲತೆ ಕಾಯ್ದೆಯಡಿ ಹೈಟಿ, ಲಿಬಿಯಾ, ಮೊಜಾಂಬಿಕ್, ಪಪುವಾ ನ್ಯೂಗಿನಿ ಮತ್ತು ಪಶ್ಚಿಮ ಆಫ್ರಿಕದ ಕರಾವಳಿಯ ಐದು ದೇಶಗಳಿಗೆ ಹತ್ತು ವರ್ಷದ ಯೋಜನೆ ಸಿದ್ಧವಾಗಿತ್ತು. ಅದನ್ನು ನಡೆಸಬೇಕಿದ್ದ ಮುಖ್ಯ ಸಂಸ್ಥೆಗಳಲ್ಲೊಂದಾದ, ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ನೆರವಿನ ಕೆಲಸ ನಿಲ್ಲಿಸಿತು. ನಿಲ್ಲಿಸುವ ಕಾನೂನುಗಳೂ ಇವೆ. ಅಮೆರಿಕದ ಲೇಹಿ ಕಾನೂನು ಘೋರ ಮಾನವಹಕ್ಕು ಉಲ್ಲಂಘನೆ ಮಾಡಿದ ದಳಕ್ಕೆ ನೆರವು ತಡೆಯುತ್ತದೆ. ಸೇನಾ ದಂಗೆಯಾದರೆ ಆ ಸರ್ಕಾರಕ್ಕೆ ಕೊಡುವುದನ್ನು ಅಮೆರಿಕದ ಇನ್ನೊಂದು ನಿಬಂಧನೆ ತಡೆಯುತ್ತದೆ. ನೈಜರ್‌ನಲ್ಲಿ 2023ರ ಜುಲೈನಲ್ಲಿ ದಂಗೆಯಾಯಿತು, ಮರುವರ್ಷ ಅಮೆರಿಕದ ಪಡೆ ಹೊರಬಿತ್ತು.

ಭಾರತದ ಲೆಕ್ಕ, ಬೆಂಗಳೂರಿನ ಕಿವಿ

ಭಾರತ ಆ ನೆರವು ಸಮಿತಿಯ ಸದಸ್ಯನಲ್ಲ, ಅದರ ಸಂಕೇತಗಳು ಇಲ್ಲಿ ಉಪಯೋಗಕ್ಕೆ ಬಾರವು. ವಿದೇಶಾಂಗ ಸಚಿವಾಲಯದ ಅನುದಾನ ಬೇಡಿಕೆ ತೆರೆಯಿರಿ: 2025–26ರ ಬಜೆಟ್ಟಿನಲ್ಲಿ ಭೂತಾನಿಗೆ 2,150 ಕೋಟಿ, ಮಾಲ್ಡೀವ್ಸ್‌ಗೆ 600 ಕೋಟಿ, ಅಫ್ಘಾನಿಸ್ತಾನಕ್ಕೆ 100 ಕೋಟಿ ರೂಪಾಯಿ. ಬಜೆಟ್ ಅಂದಾಜಿನ ಪಕ್ಕದ ಪರಿಷ್ಕೃತ ಅಂದಾಜನ್ನು ಬಿಡದೆ ನೋಡಿ. ಸರ್ಕಾರಿ ಎಕ್ಸಿಮ್ ಬ್ಯಾಂಕು ಹೊರದೇಶಗಳಿಗೆ ಕೊಡುವ ಸಾಲಗಳು ಇದರಲ್ಲಿ ಬರುವುದಿಲ್ಲ. ಇನ್ನೂ ಬೇಕಾದರೆ ಆನ್‌ಲೈನ್ ಆರ್‌ಟಿಐ: ಶುಲ್ಕ 10 ರೂಪಾಯಿ, 3,000 ಅಕ್ಷರದ ಮಿತಿ, 30 ದಿನದ ಗಡುವು. ಪತ್ರವ್ಯವಹಾರ ಕೇಳಿದರೆ ವಿದೇಶ ಸಂಬಂಧದ ನೆಪದಲ್ಲಿ ಕಾಯ್ದೆಯ ಸೆಕ್ಷನ್ 8(1)(ಎ) ಹೇಳಿ ಮುಚ್ಚುತ್ತಾರೆ. ವರ್ಷವಾರು ಬಿಡುಗಡೆಯಾದ ಮೊತ್ತ, ಗುತ್ತಿಗೆದಾರನ ಹೆಸರು, ಮುಗಿದ ದಿನಾಂಕ ಕೇಳಿ.

ಹಾಳೆ ತುಂಬಿದ ಮೇಲೆ ಆ ದೇಶದವರಿಗೇ ತೋರಿಸಿ. ಬೆಂಗಳೂರಿನ ಕಾಲೇಜುಗಳಲ್ಲಿ ಅಫ್ಘನ್, ಸುಡಾನಿ, ಸೊಮಾಲಿ ವಿದ್ಯಾರ್ಥಿಗಳು ಓದುತ್ತಾರೆ. ‘ನಿಮ್ಮೂರಿನಲ್ಲಿ ಮೇಷ್ಟ್ರಿಗೆ ಸಂಬಳ ಎಷ್ಟನೇ ತಾರೀಖಿಗೆ, ಹೇಗೆ ಬರುತ್ತದೆ’ ಎಂದಷ್ಟೇ ಕೇಳಿ. ರೆಕಾರ್ಡಿಂಗ್ ಬೇಡ, ಹೆಸರು ಬರೆದುಕೊಳ್ಳಬೇಡಿ, ಮನೆಯವರು ಯಾವ ಪಕ್ಷ ಎಂದು ವಿಚಾರಿಸಬೇಡಿ. ಅವರ ವೀಸಾ ಇಲ್ಲಿದೆ, ಮನೆಮಂದಿ ಅಲ್ಲಿದ್ದಾರೆ.