ಸ್ವಿಫ್ಟ್ ಮುಂದಿನ ವೀಲ್ ಬೇರಿಂಗ್ ಚೇಂಜ್ ಮಾಡಿದ್ದು, ಖರ್ಚು ಎಷ್ಟಾಯ್ತು

ನಮ್ದು 2012ರ ಸ್ವಿಫ್ಟ್, ಇರೋದು ಶಿವಮೊಗ್ಗ, ಮಳೆಗಾಲ ಪೂರ್ತಿ ತೀರ್ಥಹಳ್ಳಿ ಆಗುಂಬೆ ಕಡೆ ಓಡಾಟ. ನೀರು ನಿಂತ ಗುಂಡಿಗೆ ದಿನಾ ಇಳಿಸಿ ಹತ್ತಿಸ್ತಿದ್ರೆ ಬೇರಿಂಗ್ (ಚಕ್ರ ಸಲೀಸಾಗಿ ತಿರುಗೋಕೆ ಇರೋ ಬಾಲ್‌ಗಳ ಬಳೆ) ಸೀಲ್ ಎಷ್ಟು ಕಾಲ ತಡ್ಕೊಳ್ಳುತ್ತೆ ಹೇಳಿ, ಒಳಗೆ ನೀರು ಹೋಗಿ ಗ್ರೀಸ್ ಕೆಟ್ಟು ತುಕ್ಕು ಹಿಡಿಯುತ್ತೆ, ಸದ್ದು ಶುರು.

ಸ್ಪೀಡ್ 50 ದಾಟಿದ ಮೇಲೆ ಗುಂಯ್ ಅಂತಿತ್ತು, ನ್ಯೂಟ್ರಲ್ ಮಾಡಿದ್ರೂ ನಿಲ್ತಿರ್ಲಿಲ್ಲ. ಟೈರ್ ಸದ್ದೂ ಹಿಂಗೇ ಇರುತ್ತೆ, ಅದ್ಕೇ ಮೊದ್ಲು ಮುಂದಿನ ಟೈರ್ ಹಿಂದಕ್ಕೆ ಹಾಕಿ ನೋಡ್ದೆ, ಅದಕ್ಕೇನೂ ಖರ್ಚಿಲ್ಲ. ಸದ್ದು ಮುಂದೆನೇ ಇತ್ತು. ಖಾಲಿ ರೋಡಲ್ಲಿ ಸ್ಟೇರಿಂಗ್ ಸ್ವಲ್ಪ ಬಲಕ್ಕೆ ಎಳೆದ್ರೆ ಜೋರು, ಎಡಕ್ಕೆ ಎಳೆದ್ರೆ ಕಮ್ಮಿ. ಬಲಕ್ಕೆ ತಿರುಗಿದಾಗ ಭಾರ ಬೀಳೋದು ಎಡಗಡೆ ಚಕ್ರದ ಮೇಲೆ, ಸೋ ಹೋಗಿರೋದು ಎಡಗಡೆದು. ಜಾಕ್ ಎತ್ತಿ ಕಾಯಿಲ್ ಸ್ಪ್ರಿಂಗ್ ಮೇಲೆ ಕೈಯಿಟ್ಟು ಚಕ್ರ ತಿರುಗಿಸಿದ್ರೆ ಗರಗರ ಅನ್ನೋದು ಬೆರಳಿಗೇ ಗೊತ್ತಾಗ್ತಿತ್ತು.

ಸರ್ವಿಸ್ ಸೆಂಟರಲ್ಲಿ ಎರಡೂ ಕಡೆ ಸೇರಿ 7,500ರ ಆಸುಪಾಸು ಹೇಳಿದ್ರು. ಬಿಡಿಸಿ ಬರ್ಕೊಡಿ ಸರ್ ಅಂದೆ. ಬೇರಿಂಗ್ ಎರಡಕ್ಕೆ 3,300, ಉಳಿದದ್ದೆಲ್ಲ ಲೇಬರ್, ಅದ್ರ ಮೇಲೆ 18% ಜಿಎಸ್‌ಟಿ, ವೀಲ್ ಅಲೈನ್‌ಮೆಂಟ್ (ಚಕ್ರದ ಕೋನ ಸರಿ ಮಾಡೋದು). ಅಂದ್ರೆ ಅರ್ಧಕ್ಕಿಂತ ಜಾಸ್ತಿ ದುಡ್ಡು ಹೋಗೋದು ಬಿಚ್ಚಿ ಕೂರ್ಸೋದಕ್ಕೆ. ಜೋಡಿನೇ ಹಾಕ್ಬೇಕು ಅಂತಾರಲ್ಲ, ಶಾಕ್ ಅಬ್ಸಾರ್ಬರ್‌ಗೆ ಆ ಮಾತು ಸರಿ, ಬೇರಿಂಗ್‌ಗೆ ನಾನು ಒಪ್ಪಲ್ಲ. ಒಂದೊಂದು ಕಡೆ ನಕಲ್ (knuckle, ಬೇರಿಂಗ್ ಕೂತಿರೋ ಕಬ್ಬಿಣದ ತುಂಡು) ಬೇರೆಬೇರೆನೇ ಬಿಚ್ಬೇಕು, ಒಟ್ಟಿಗೆ ಮಾಡ್ಸಿದ್ರೆ ಉಳಿಯೋದು ಒಂದು ಅಲೈನ್‌ಮೆಂಟ್ ದುಡ್ಡು ಅಷ್ಟೇ.

ಬಿಚ್ಚೋದು ಮನೇಲೇ ಮಾಡ್ದೆ. ಆಕ್ಸಲ್ ನಟ್ (ಚಕ್ರದ ನಡುವಿರೋ ದೊಡ್ಡ ನಟ್) ಲೂಸ್ ಮಾಡೋದು ಚಕ್ರ ನೆಲದ ಮೇಲಿದ್ದಾಗ್ಲೇ, ಒಬ್ರು ಬ್ರೇಕ್ ಒತ್ತಿ ಹಿಡೀಬೇಕು. ಆಮೇಲೆ ಎತ್ತಿ ಸ್ಟ್ಯಾಂಡ್ ಕೊಟ್ಟು ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಲಿ ಕಟ್ಬೇಕು, ಬ್ರೇಕ್ ಹೋಸ್ ಮೇಲೆ ಜೋತಾಡೋಕೆ ಬಿಡ್ಬಾರ್ದು. ಸ್ಟೇರಿಂಗ್‌ದು ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಸ್ಟ್ರಟ್‌ನ (ಸ್ಪ್ರಿಂಗ್ ಕೂತಿರೋ ಶಾಕ್ ಅಬ್ಸಾರ್ಬರ್) ಎರಡು ಬೋಲ್ಟ್ ಬಿಚ್ಚಿದ್ಮೇಲೆ ನಕಲ್ ಕೈಗೆ ಬಂತು.

ಅದನ್ನ ಚೀಲಕ್ಕೆ ಹಾಕ್ಕೊಂಡು ಲೇತ್ ಅಂಗಡಿಗೆ ಹೋದೆ, ಒತ್ತಿ ತೆಗೆದು ಕೂರ್ಸೋ ಪ್ರೆಸ್ ಮಷಿನ್ ಇರೋದು ಅಲ್ಲಿ. ಹಬ್ (ಚಕ್ರ ಬೋಲ್ಟ್ ಆಗೋ ಭಾಗ) ಹೊರಗೆ ಬಂದಾಗ ಬೇರಿಂಗ್‌ದು ಇನ್ನರ್ ರೇಸ್ (ಒಳಗಿನ ಬಳೆ) ಅರ್ಧ ಹಬ್‌ಗೇ ಅಂಟ್ಕೊಂಡು ಬಂತು, ಗ್ರೈಂಡರಲ್ಲಿ ಗೀರು ಹಾಕಿ ಚಿಸಲ್ ಕೊಟ್ಟು ಒಡೆದ್ರು, ಗೀರು ಹಬ್‌ಗೆ ತಾಗಿದ್ರೆ ಹೊಸ ಹಬ್ ಖರ್ಚು ಬೇರೆ. ಹೊಸ ಬೇರಿಂಗ್ ಇಟ್ಟು "ಸುತ್ತಿಗೇಲಿ ಹೊಡ್ದುಬಿಡ್ಲಾ ಅಣ್ಣ, ಐದು ನಿಮಿಷ" ಅಂದ ಹುಡುಗ. ಬೇಡ ಮಾರಾಯ, ಪ್ರೆಸ್ಸಲ್ಲೇ ಹಾಕು ಅಂದೆ. ನಕಲ್ ಒಳಗೆ ಕೂರ್ಸುವಾಗ ಔಟರ್ ರೇಸ್ ಅಂದ್ರೆ ಹೊರಗಿನ ಬಳೆ ಮೇಲೆ ಮಾತ್ರ ಒತ್ತಬೇಕು (ಹಳೇ ಬೇರಿಂಗ್‌ದು ಔಟರ್ ಇಟ್ಕೊಂಡೇ ಒತ್ತಿದ್ರು), ಹಬ್ ಹಾಕುವಾಗ ಇನ್ನರ್ ರೇಸ್‌ಗೆ ಕೆಳಗಿಂದ ಸಪೋರ್ಟ್ ಇರ್ಬೇಕು. ಇಲ್ದಿದ್ರೆ ಒತ್ತಡ ಬಾಲ್‌ಗಳ ಮೂಲಕ ಹೋಗಿ ಟ್ರ್ಯಾಕಲ್ಲಿ ತಗ್ಗು ಬೀಳುತ್ತೆ, ಸ್ವಲ್ಪ ದಿನಕ್ಕೇ ಅದೇ ಗುಂಯ್, ಬೈಯೋದು ಬೇರಿಂಗ್ ಕಂಪನಿನ.

ನನ್ನ ಲೆಕ್ಕ, ಎಡಗಡೆ ಒಂದಕ್ಕೇ: ಬೇರಿಂಗ್ 1,450, ಸರ್ಕ್ಲಿಪ್ (ಬೇರಿಂಗ್ ಜಾರದ ಹಾಗೆ ಹಿಡಿಯೋ ರಿಂಗ್) 40, ಹೊಸ ಆಕ್ಸಲ್ ನಟ್ 90, ಪ್ರೆಸ್ 400, ಅಲೈನ್‌ಮೆಂಟ್ 450. ಒಟ್ಟು 2,430. ಸ್ಟ್ರಟ್ ಬೋಲ್ಟ್ ಬಿಚ್ಚಿದ್ಮೇಲೆ ಅಲೈನ್‌ಮೆಂಟ್ ಬಿಡೋ ಹಾಗಿಲ್ಲ. ನಟ್ ಟೈಟ್ ಮಾಡೋಕೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಆಯ್ತು ಅಂತ ತೋರ್ಸೋ ಪಾನಾ) ಪರಿಚಯದ ಗ್ಯಾರೇಜಿಂದ ತಂದಿದ್ದೆ, ಅದಕ್ಕೊಂದು ಟೀ ಖರ್ಚು.

ನಿಮ್ಮ ಗಾಡಿ ರೇಟ್ ಇದಕ್ಕೆ ಹೋಲಿಸೋ ಮುಂಚೆ ಬೇರಿಂಗ್ ಯಾವ ತರದ್ದು ಕೇಳ್ಕೊಳ್ಳಿ. ಕೆಲವು ಗಾಡಿಗೆ ಹಬ್ ಸಮೇತ ಬೋಲ್ಟ್ ಹಾಕಿ ಕೂರ್ಸೋ ಯೂನಿಟ್ ಬರುತ್ತೆ, ಅದಕ್ಕೆ ಪಾರ್ಟ್ ದುಬಾರಿ, ಪ್ರೆಸ್ ಕೆಲಸ ಇಲ್ಲ, ಹಂಗಾಗಿ ಲೇಬರ್ ಕಮ್ಮಿ ಆಗ್ಬೇಕು. ಇನ್ನು ಎಬಿಎಸ್ (ಬ್ರೇಕ್ ಹಾಕ್ದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು) ಇರೋ ಎಷ್ಟೋ ಗಾಡಿಲಿ ಬೇರಿಂಗ್‌ನ ಒಂದು ಬದಿ ಸೀಲಲ್ಲೇ ಮ್ಯಾಗ್ನೆಟ್ ರಿಂಗ್ ಇರುತ್ತೆ, ಅದು ಚಕ್ರದ ಸ್ಪೀಡ್ ಸೆನ್ಸರ್ ಕಡೆಗೇ ಬರ್ಬೇಕು, ಉಲ್ಟಾ ಒತ್ತಿದ್ರೆ ಮೀಟರಲ್ಲಿ ಎಬಿಎಸ್ ಲೈಟ್ ಆರಲ್ಲ, ಮತ್ತೆ ಹೊರಗೆ ಒತ್ತಿ ತೆಗೆದ ಬೇರಿಂಗ್ ಗುಜರಿಗೇ.